ಕಾಗುಣಿತ ಬಾಯಿಗೆ ಬರುತ್ತದೆ, ಓದು ಬರುವುದಿಲ್ಲ

ಎರಡನೇ ಕ್ಲಾಸಿನ ಮಗುವಿಗೆ ಕಾಗುಣಿತ ಹೇಳು ಅನ್ನಿ. ‘ತಲಕಟ್ಟು ಕ, ಇಳಿ ಕಾ, ಗುಡಿಸು ಕಿ’ ಅಂತ ಗಡಗಡ ಹೇಳಿಬಿಡುತ್ತದೆ. ಅದೇ ಮಗುವಿಗೆ ಬೋರ್ಡಿನ ಮೇಲೆ ಬರೀ ‘ಕೀ’ ಬರೆದು ತೋರಿಸಿ. ಬಾಯೊಳಗೇ ಕ, ಕಾ, ಕಿ ಅಂದುಕೊಂಡು ಬಂದು ಆಮೇಲೆ ‘ಕೀ’ ಅನ್ನುತ್ತದೆ. ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ತರಗತಿ (ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ ಕೂತು ಚಟುವಟಿಕೆ, ಕಾರ್ಡುಗಳ ಮೂಲಕ ಕಲಿಯುವ ತರಗತಿ) ನೋಡಿಕೊಳ್ಳುವ ನನಗೆ ಇದು ಪ್ರತಿ ವರ್ಷ ಕಾಣುತ್ತದೆ. ಮಕ್ಕಳು ತಡವರಿಸುವುದು ಮೂಲಾಕ್ಷರದಲ್ಲಿ ಅಲ್ಲ, ಗುಣಿತ ಮತ್ತು ಒತ್ತಕ್ಷರದಲ್ಲಿ.

ಮೂಲಾಕ್ಷರಕ್ಕೆ ನಮ್ಮಲ್ಲಿ ಒಳ್ಳೆಯ ದಾರಿ ಇದೆ. ಅ ಆ ಇ ಈ ಸಾಲು ಹಿಡಿಯದೆ ರ, ಗ, ಸ, ದ, ಅ ಮೊದಲು ಕಲಿಸುತ್ತೇವೆ. ಈ ಐದರಲ್ಲೇ ಸರ, ಅರಸ, ಅಗಸ, ಗರಗಸ ಎಲ್ಲ ಆಗುತ್ತವೆ. ಮಗು ಅಕ್ಷರದ ಜೊತೆಗೇ ಪದ ಓದುತ್ತದೆ.

ಗುಣಿತಕ್ಕೂ ನಾನು ಅದನ್ನೇ ಮಾಡುತ್ತೇನೆ. ಕ ಕಾ ಕಿ ಕೀ ಅಂತ ಅಡ್ಡಸಾಲು ಓದಿಸುವುದಿಲ್ಲ. ಬರೀ ಇಳಿಯನ್ನು ತೆಗೆದುಕೊಂಡು ಗೊತ್ತಿರುವ ಅಕ್ಷರಕ್ಕೆಲ್ಲ ಹಚ್ಚಿಸುತ್ತೇನೆ: ರಾ, ಗಾ, ಸಾ, ದಾ, ಮಾ. ಕೂಡಲೇ ದಾರ, ರಾಜ, ಮಾವ, ಸಾಗರ. ಅದು ಗಟ್ಟಿಯಾದ ಮೇಲೆ ಗುಡಿಸು: ನರಿ, ಬಿಸಿ, ಗಿರಿ. ಕೊಂಬು ಬಂದಾಗ ‘ವು’ ಬೇರೆಯಾಗಿ ಹೇಳಿಕೊಡಬೇಕು. ಹೆಚ್ಚಿನ ಅಕ್ಷರಗಳಿಗೆ ಹಾಕುವ ಹಾಗೆ ಪಕ್ಕದಲ್ಲಿ ಕೊಂಬು ಹಾಕಿದರೆ ‘ವ’ ಹೋಗಿ ‘ಮ’ ಆಗಿಬಿಡುತ್ತದೆ, ಅಲ್ವಾ? ಅದಕ್ಕೇ ಕೆಳಗೆ ಬರೆಯುವುದು. ಬೋರ್ಡಿನ ಮೇಲೆ ಎರಡನ್ನೂ ಬರೆದು ತೋರಿಸಿದರೆ ಮಕ್ಕಳು ಇದನ್ನು ಮರೆಯುವುದೇ ಇಲ್ಲ.

ಒತ್ತಕ್ಷರಕ್ಕೆ ಜಾಸ್ತಿ ಸಮಯ ಬೇಕು. ಅಜ್ಜ, ಅಪ್ಪ, ಹಗ್ಗ ಸುಲಭ, ಒತ್ತು ನೋಡಿದರೆ ಅಕ್ಷರದ ಗುರುತು ಸಿಗುತ್ತದೆ. ತ, ನ, ಮ, ಯ, ರ, ಲ ಹಾಗಲ್ಲ. ಅವುಗಳ ಒತ್ತಿಗೂ ಅಕ್ಷರಕ್ಕೂ ಹೋಲಿಕೆ ಕಡಿಮೆ. ಅತ್ತೆ, ನನ್ನ, ಅಮ್ಮ, ಅಯ್ಯ, ಚಕ್ರ, ಬೆಲ್ಲ ಅಂತ ಒಂದೊಂದು ಪದದ ಚಾರ್ಟ್ ಮಾಡಿ ಗೋಡೆಗೆ ಹಾಕಿದ್ದೇನೆ. ಅರ್ಕಾವತ್ತು ಕೊನೆಗೆ. ‘ಸೂರ್ಯ’ದಲ್ಲಿ ಮೊದಲು ಓದಬೇಕಾದ್ದನ್ನು ಆಮೇಲೆ ಬರೆದಿರುತ್ತದೆ, ಮಕ್ಕಳು ‘ಸೂಯರ’ ಅಂತ ಓದುವುದು ಸಹಜ.

ಮೂರನೇ ಕ್ಲಾಸಿನ ಒಬ್ಬ ಹುಡುಗಿ ಪುಸ್ತಕ ಕೊಟ್ಟರೆ ತಲೆ ಬಗ್ಗಿಸಿ ಕೂರುತ್ತಿದ್ದಳು. ಒಂದು ಬೆಳಿಗ್ಗೆ ಅವಳಾಗೇ ಬಂದು, ‘ಮಿಸ್, ನಮ್ಮ ಎಮ್ಮೆ ಕರು ಹಾಕೈತೆ’ ಅಂದಳು. ಅವಳು ಹೇಳಿದ ಹಾಗೇ ಬೋರ್ಡಿನ ಮೇಲೆ ಬರೆದು, ಓದು ಅಂದೆ. ‘ನಮ್ಮ’ ಓದಿದಳು. ‘ಎಮ್ಮೆ’ಯ ಒತ್ತಿನ ಮೇಲೆ ಬೆರಳಿಟ್ಟು ಗೋಡೆ ಕಡೆ ತಿರುಗಿ ‘ಅಮ್ಮ’ ಚಾರ್ಟ್ ನೋಡಿದಳು, ಮತ್ತೆ ಬೋರ್ಡ್ ನೋಡಿದಳು. ‘ಎಮ್...ಮೆ’ ಅಂದಳು. ಆಮೇಲೆ ಅದೇ ಸಾಲನ್ನು ರಟ್ಟಿನ ಪಟ್ಟಿಯಲ್ಲಿ ಬರೆದು ಪದಪದವಾಗಿ ಕತ್ತರಿಸಿ, ಕಲಸಿ ಕೊಟ್ಟೆ. ಜೋಡಿಸಿ ಓದಿದಳು. ಮಾರನೇ ದಿನ ‘ಹಾಕೈತೆ’ ಪಕ್ಕದಲ್ಲಿ ‘ಹಾಕಿದೆ’ ಇಟ್ಟೆ. ಮನೆಮಾತನ್ನು ತಿದ್ದಿಯೇ ಬರೆಯಬೇಕು ಅನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಮಗು ಮೊದಲು ತನ್ನ ಮಾತನ್ನು ಬರಹದಲ್ಲಿ ನೋಡಬೇಕು.

ಹಾಗೆಯೇ, ‘ಹಸು’ ನೋಡಿ ‘ಅಸು’ ಅಂದ ಮಗುವನ್ನು ಓದಿನ ಮಧ್ಯೆ ನಿಲ್ಲಿಸಬೇಡಿ. ಅದು ಅಕ್ಷರ ಗುರುತಿಸಿದೆ, ಅರ್ಥವೂ ಗೊತ್ತು. ಅದು ಊರಿನ ಉಚ್ಚಾರ ಅಷ್ಟೆ. ಉಕ್ತಲೇಖನದಲ್ಲಿ ‘ಅಸು’ ಅಂತ ಬರೆದರೆ ಆಗ ತಿದ್ದಿದರಾಯಿತು.

ಇಷ್ಟೆಲ್ಲ ತಿಳಿಯಬೇಕಾದರೆ ಒಬ್ಬೊಬ್ಬರ ಓದನ್ನೂ ಕೂತು ಕೇಳಬೇಕು. ಎಲ್ಲರೂ ಒಟ್ಟಿಗೆ ಓದಿದರೆ ಬಾರದವರ ದನಿ ಬಂದವರ ದನಿಯೊಳಗೆ ಸೇರಿಹೋಗುತ್ತದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿಯಲ್ಲಿ ನನಗೆ ತುಂಬ ಇಷ್ಟವಾದದ್ದು ಈ ಅನುಕೂಲವೇ. ಉಳಿದ ತಟ್ಟೆಗಳ (ಮಕ್ಕಳು ಕೂರುವ ಗುಂಪುಗಳಿಗೆ ನಲಿ-ಕಲಿಯಲ್ಲಿ ತಟ್ಟೆ ಅನ್ನುತ್ತಾರೆ) ಮಕ್ಕಳು ತಮ್ಮ ತಮ್ಮ ಕಾರ್ಡ್ ಮಾಡುತ್ತಿರುವಾಗ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬಹುದು. ಪಾಠದ ಮೊದಲ ಸಾಲು ಕೇಳುವುದಿಲ್ಲ, ಅದು ಬಾಯಿಪಾಠ ಆಗಿರುತ್ತದೆ. ನಡುವಿನ ಒಂದು ಸಾಲಿಗೆ ಬೆರಳಿಟ್ಟು, ಇಲ್ಲಿಂದ ಓದು ಅನ್ನುತ್ತೇನೆ. ಎಡವಿದ ಅಕ್ಷರವನ್ನು ಆ ಮಗುವಿನ ಹೆಸರಿನ ಮುಂದೆ ಬರೆದಿಡುತ್ತೇನೆ. ಮರುದಿನ ಅದಕ್ಕೆ ಕೊಡುವ ಕಾರ್ಡಿನಲ್ಲಿ ಆ ಅಕ್ಷರದ ಪದಗಳೇ ಇರುತ್ತವೆ.