30 ವ್ಯಾಟ್ ಲೇಸರ್‌ನಲ್ಲಿ ಕಿಡ್ನಿ ಕಲ್ಲು ಪುಡಿ ಮಾಡಿದ ನನ್ನ ಅನುಭವ

ದಾವಣಗೆರೆಯಲ್ಲಿ ನಾನು ಕಲ್ಲು ಒಡೆಯುವ 30 ವ್ಯಾಟ್‌ನ ಹಳೆಯ ಹೋಲ್ಮಿಯಂ ಲೇಸರ್ ಯಂತ್ರ ಕೊಂಡಾಗ, ಇದು ಮೂತ್ರನಾಳದ ಕಲ್ಲಿಗೆ ಸಾಕು, ಕಿಡ್ನಿಯೊಳಗೆ ಪುಡಿ ಮಾಡಲು 100 ವ್ಯಾಟ್ ಬೇಕೇ ಬೇಕು ಎಂದು ಸಹೋದ್ಯೋಗಿಗಳು ನಕ್ಕಿದ್ದರು. ಮೊದಲ ವರ್ಷ ಅವರ ಮಾತೇ ನಿಜವಾಯಿತು. ಹೊಡೆತಕ್ಕೆ 1 ಜೂಲ್ ಶಕ್ತಿ, 10 ಹರ್ಟ್ಜ್ (ಸೆಕೆಂಡಿಗೆ 10 ಹೊಡೆತ) ಇಟ್ಟು ಹೊಡೆದಾಗ ಕಲ್ಲು ಚೂರಾಗಿ ಒಂದೊಂದು ಕ್ಯಾಲಿಕ್ಸ್‌ಗೆ (ಕಿಡ್ನಿಯೊಳಗೆ ಮೂತ್ರ ಸೇರುವ ಬಟ್ಟಲಿನಂಥ ಭಾಗ) ಒಂದೊಂದು ಓಡುತ್ತಿತ್ತು. ಮೂರೋ ನಾಲ್ಕೋ ರೋಗಿಗಳಿಗೆ ಎರಡನೇ ಬಾರಿ, ಅದೂ ಹಣ ಪಡೆಯದೆ, ಮಾಡಿಕೊಟ್ಟೆ.

ನಿಜವಾದ ಪೆಟ್ಟು ಬಿದ್ದದ್ದು ಸ್ಕೋಪಿಗೆ, ಅಂದರೆ ಮೂತ್ರದ ದಾರಿಯಿಂದ ಕಿಡ್ನಿಯೊಳಗೆ ಹೋಗುವ, ಬಾಗುವ ಕ್ಯಾಮೆರಾ ಕೊಳವೆಗೆ. ಕೆಳಗಿನ ಕ್ಯಾಲಿಕ್ಸ್‌ಗೆ ಪೂರ್ತಿ ಬಾಗಿಸಿದ್ದಾಗಲೇ ಲೇಸರ್ ಬೆಳಕನ್ನು ಒಯ್ಯುವ ಫೈಬರ್ ಎಳೆ ಒಳಗೆ ಮುರಿದು, ಲೇಸರ್ ಪೆಡಲ್ ಒತ್ತಿದೊಡನೆ ಪರದೆ ಕಪ್ಪಾಯಿತು. ರಿಪೇರಿಗೆ ಸುಮಾರು ಎರಡೂವರೆ ಲಕ್ಷ; ಆ ವರ್ಷ ಲೇಸರ್ ದುಡಿದದ್ದೆಲ್ಲ ಅದಕ್ಕೇ ಹೋಯಿತು. ಅಂದಿನಿಂದ ಸ್ಕೋಪ್ ನೇರವಾಗಿದ್ದಾಗ ಮಾತ್ರ ಫೈಬರ್ ತೂರಿಸುತ್ತೇನೆ, ಕೆಳಗಿನ ಕಲ್ಲನ್ನು ಬಾಸ್ಕೆಟ್‌ನಲ್ಲಿ (ತಂತಿಯ ಪುಟ್ಟ ಬುಟ್ಟಿ) ಹಿಡಿದು ಮೇಲಿನ ಕ್ಯಾಲಿಕ್ಸ್‌ಗೆ ತಂದಿಟ್ಟುಕೊಳ್ಳುತ್ತೇನೆ.

ಕೈಗೂಡಿದ್ದು 0.4 ಜೂಲ್, 20 ಹರ್ಟ್ಜ್, ಲಾಂಗ್ ಪಲ್ಸ್‌ನಲ್ಲಿ, ಅಂದರೆ ಪ್ರತಿ ಹೊಡೆತವನ್ನೂ ತುಸು ಉದ್ದವಾಗಿಸಿ. ಲೆಕ್ಕಕ್ಕೆ ಬರೀ 8 ವ್ಯಾಟ್. 2100 ನ್ಯಾನೋಮೀಟರ್ ಬೆಳಕನ್ನು ನೀರೇ ನುಂಗಿಬಿಡುವುದರಿಂದ 200 ಮೈಕ್ರಾನ್ ಫೈಬರ್‌ನ ತುದಿ ಕಲ್ಲನ್ನು ಮುಟ್ಟಿಯೂ ಮುಟ್ಟದಂತಿರಬೇಕು. ಒಂದೇ ಕಡೆ ಕೊರೆಯದೆ, ಗೋಡೆಗೆ ಸುಣ್ಣ ಬಳಿದಂತೆ ಅಂಚಿನಿಂದ ಸವರುತ್ತಾ ಬರಬೇಕು. ತುದಿ ಸವೆದಾಗ ಸಾಧಾರಣ ಕತ್ತರಿಯಲ್ಲೇ ಕತ್ತರಿಸುತ್ತೇನೆ. ಕೊನೆಯಲ್ಲಿ ಉಳಿದು ಕುಣಿಯುವ ಚೂರುಗಳನ್ನು ಒಂದೆಡೆ ನಿಲ್ಲಿಸಲು ಸ್ಕೋಪ್ ಮೂಲಕ ಬಿಡುವ ಸಲೈನ್ (ಉಪ್ಪುನೀರು) ಹರಿವಿನಲ್ಲೇ ಒಂದು ಉಪಾಯವಿದೆ. ಅದನ್ನು ಆಪರೇಷನ್ ಥಿಯೇಟರ್‌ಗೆ ಬಂದು ನೋಡಿದವರಿಗಷ್ಟೇ ತೋರಿಸುತ್ತೇನೆ.

ಏಪ್ರಿಲ್ ಬಿಸಿಲಿನಲ್ಲಿ ಕರೆಂಟ್ ಹೋಗಿ ಎಸಿ ನಿಂತಾಗ ಯಂತ್ರವೇ ಕಾದು ನಡುವೆ ನಿಂತದ್ದುಂಟು. ಕಿಡ್ನಿಯೊಳಗಿನ ಬಿಸಿಯನ್ನಾದರೂ ತಗ್ಗಿಸೋಣವೆಂದು ಫ್ರಿಜ್‌ನಲ್ಲಿಟ್ಟ ಸಲೈನ್ ಬಿಟ್ಟು ನೋಡಿದೆ. ರೋಗಿ ಗಡಗಡ ನಡುಗಿದ್ದರಿಂದ ಅರಿವಳಿಕೆ ತಜ್ಞರ ಬೈಗುಳ ತಿಂದು ಆ ಪ್ರಯೋಗವನ್ನು ಅಲ್ಲಿಗೇ ಬಿಟ್ಟೆ.

ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರಿಗೆ 16 ಮಿ.ಮೀ. ಕಲ್ಲಿತ್ತು. “ಬೆಂಗ್ಳೂರಿಗ್ ಹೋಗು ಅನ್ಬ್ಯಾಡ್ರಿ ಡಾಕ್ಟ್ರೇ, ಕೊಯ್ಲು ನಡದೈತಿ” ಎಂದು ಅವರು ಪಟ್ಟು ಹಿಡಿದರು. ಒಂದೂಕಾಲು ಗಂಟೆ ಹಿಡಿಯಿತು. ಮೂತ್ರ ಸರಾಗ ಹರಿಯಲೆಂದು ಒಳಗಿಟ್ಟ ಡಿಜೆ ಸ್ಟೆಂಟ್ ಕೊಳವೆ ತೆಗೆಯಲು ಬಂದಾಗ, ಮೂತ್ರದಿಂದ ಸೋಸಿಟ್ಟ ಪುಡಿಯನ್ನು ಬೀಡಿಯ ಕಾಗದದಲ್ಲಿ ಕಟ್ಟಿಕೊಂಡು ತಂದಿದ್ದರು; ಬೆರಳಿನಲ್ಲಿ ಉಜ್ಜಿದರೆ ಸಣ್ಣ ರವೆಯಂತಿತ್ತು. ಆಮೇಲಿನ ಸ್ಕ್ಯಾನ್‌ನಲ್ಲಿ ಉಳಿದಿದ್ದ 2 ಮಿ.ಮೀ. ಚೂರೂ ಮೂರು ತಿಂಗಳಲ್ಲಿ ಹೋಯಿತು.

ಈಗ ಹೀಗೆ ಎಪ್ಪತ್ತು-ಎಂಬತ್ತಾಗಿರಬೇಕು. ನಕ್ಕಿದ್ದವರಲ್ಲೊಬ್ಬರು ತಮ್ಮ ರೋಗಿಗಳನ್ನೇ ಕಳುಹಿಸುತ್ತಿದ್ದಾರೆ. ಥೂಲಿಯಂ ಎಂಬ ಹೊಸ ಬಗೆಯ ಲೇಸರ್ ಇನ್ನೂ ನುಣ್ಣಗೆ ಪುಡಿ ಮಾಡುತ್ತದೆಂಬುದು ನಿಜ, ಆದರೆ ಈ ಯಂತ್ರದ ಸಾಲ ತೀರುವವರೆಗೆ ನಾನು ಅದರ ಬೆಲೆ ಕೇಳುವುದಿಲ್ಲ. 20 ಮಿ.ಮೀ. ದಾಟಿದ ಕಲ್ಲಿಗೆ ಮಾತ್ರ ಇಂದಿಗೂ ಬೆನ್ನಿನಲ್ಲಿ ಸಣ್ಣ ರಂಧ್ರ ಮಾಡಿ ಅಲ್ಲಿಂದಲೇ ಹೋಗುತ್ತೇನೆ.