ಕೊಂಬಿನ ಬಾಚಣಿಗೆಗೆ ಕಾಗದದ ಹಲ್ಲು

ಸಂಗ್ರಹಾಲಯದ ಕೆತ್ತನೆಯ ಮುಡಿ ಬಾಚಣಿಗೆ, ಕೊಂಬಿನದು. ಮುರಿದುಹೋದ ಆರು ಹಲ್ಲುಗಳನ್ನು ಜಪಾನಿ ಟಿಷ್ಯೂ ಎಂಬ ತೆಳ್ಳಗಿನ, ಉದ್ದ ಎಳೆಯ ಕಾಗದದಲ್ಲಿ ಕಟ್ಟುತ್ತೇನೆ ಎಂದಾಗ, "ಎಪಾಕ್ಸಿ ಅಂಟು ಹಾಕಿ ಮುಗಿಸಿ, ಕಾಗದ ಎಷ್ಟು ದಿನ ನಿಂತೀತು?" ಅಂದವರೇ ಎಲ್ಲ. ಹತ್ತಿರಹತ್ತಿರ ಎರಡು ವರ್ಷವಾಯಿತು, ಒಂದೂ ಬಾಗಿಲ್ಲ.

ಎಪಾಕ್ಸಿ ಬಿಟ್ಟದ್ದು ಹಟಕ್ಕಲ್ಲ. ಕೊಂಬು ತೇವ ಹೀರಿ ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಅಂಟು ಕೊಂಬಿಗಿಂತ ಗಟ್ಟಿಯಾದರೆ ಮುಂದಿನ ಬಿರುಕು ಹಳೆಯ ಕೊಂಬಿಗೇ. ಮೀನಿನ ಅಂಟನ್ನೂ ಮಾದರಿ ತುಂಡಿನ ಮೇಲೆ ನೋಡಿದೆ. ಅದರ ನೀರಿಗೇ ಕೊಂಬಿನ ಪದರಗಳು ಬಿಟ್ಟುಕೊಂಡವು.

ಶುರುವಿಗೆ ಮುಂಚೆ ಅದು ಕೊಂಬೇ ಹೌದಾ ಎಂದು ಖಾತ್ರಿ ಮಾಡಿಕೊಳ್ಳಿ. ಕೊಂಬಿನಂತೆಯೇ ಕಾಣುವ ಹಳೆಯ ಪ್ಲಾಸ್ಟಿಕ್ ಸೆಲ್ಯುಲಾಯ್ಡ್, ಈ ಕೆಲಸಕ್ಕೆ ಬಳಸುವ ದ್ರಾವಕ ಅಸಿಟೋನಿನಲ್ಲಿ ಕರಗಿಹೋಗುತ್ತದೆ. ಕೈಗವಸಿನ ಬೆರಳಲ್ಲಿ ಮೆಲ್ಲಗೆ ಉಜ್ಜಿದಾಗ ಕರ್ಪೂರದ ವಾಸನೆ ಬಂದರೆ ಅದು ಸೆಲ್ಯುಲಾಯ್ಡ್, ಅಸಿಟೋನ್ ಬಾಟಲಿ ಮುಚ್ಚಿಬಿಡಿ. ಕಾದ ಸೂಜಿ ಚುಚ್ಚುವ ಪರೀಕ್ಷೆ ಸಂಗ್ರಹಾಲಯದ ವಸ್ತುವಿಗೆ ಸಲ್ಲದು.

ಕಾಗದದ ಎಳೆ ಹಲ್ಲಿನ ಉದ್ದಕ್ಕೇ ಇರಬೇಕು. ಅಸಿಟೋನಿನಲ್ಲಿ ಸುಮಾರು ಶೇ. 10ರ ಪ್ಯಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳ ಸವರುತ್ತಾ ಪದರಪದರವಾಗಿ ಸುತ್ತಿದೆ. ಮೊದಲ ಕಂತಿನ ಹಲ್ಲುಗಳು ಪ್ರದರ್ಶನದ ದೀಪದ ಕಾವಿಗೆ ಮೇಣದಬತ್ತಿಯಂತೆ ಜೋತುಬಿದ್ದವು. ಬಿ-72 ಮೆತ್ತಗಾಗುವುದೇ 40 ಡಿಗ್ರಿಯ ಆಸುಪಾಸು. ಅದಕ್ಕೆ ಒಳಗೆ ಅರ್ಧ ಮಿಲಿಮೀಟರಿನ ಬಿದಿರಿನ ಸೀಳು ಇಟ್ಟೆ. ಎರಡನೇ ಕಂತು ಬೆಳ್ಳಗೆ ಮಂಕಾಯಿತು: ಅಸಿಟೋನ್ ಸರಸರ ಆರಿ, ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಕೂತುಬಿಡುತ್ತದೆ. ಗಾಜಿನ ಬಟ್ಟಲು ಮುಚ್ಚಿ ನಿಧಾನವಾಗಿ ಆರಲು ಬಿಟ್ಟ ಮೇಲೆ ಸರಿಹೋಯಿತು. ಉಜ್ಜುವುದು, ಆಕಾರ ಕೊಡುವುದು ಎಲ್ಲ ಬಾಚಣಿಗೆಗೆ ಕೂರಿಸುವ ಮುಂಚೆಯೇ. 600, ಆಮೇಲೆ 1000ರ ಉಜ್ಜುಕಾಗದ. ಬಾಚಣಿಗೆಗೆ ಅಂಟಿಸುವ ಬುಡಕ್ಕೆ ಮಾತ್ರ ಬಿ-72ರ ಶೇ. 40ರ ಗಟ್ಟಿ ದ್ರಾವಣ. ಕೊಂಬಿಗೆ ರಂಧ್ರ ಕೊರೆಯಲೇ ಇಲ್ಲ. ಬೇಡವಾದ ದಿನ ಅಸಿಟೋನ್ ತಾಗಿಸಿದರೆ ಹಲ್ಲು ಕಳಚಿ ಬರುತ್ತದೆ.

ಬಣ್ಣಕ್ಕೆ ಒಣ ಮಣ್ಣಿನ ವರ್ಣದ್ರವ್ಯ. ಕೊಂಬಿನ ಆ ಒಳಹೊಳಪು ಬರಿಸುವ ಪದರದ ಕ್ರಮ ನನ್ನ ಹತ್ತಿರವೇ ಇರಲಿ.

ನಡುವೆ ಕೊಂಬಿನ ಪುಡಿಯನ್ನೇ ಬಿ-72ರಲ್ಲಿ ಕಲಸಿ ಒಂದು ಹಲ್ಲು ಮಾಡಿದೆ. ಭೂತಗನ್ನಡಿಯಲ್ಲೂ ಹೊಸತು ಯಾವುದು, ಹಳತು ಯಾವುದು ತಿಳಿಯಲಿಲ್ಲ. ಅದೇ ತೊಂದರೆ: ದುರಸ್ತಿ ಮಾಡಿದ್ದು ಯಾವುದೆಂದು ಹತ್ತಿರದಿಂದ ನೋಡಿದರೆ ಗೊತ್ತಾಗಬೇಕು. ಬಿಟ್ಟೆ.

ಆರು ಹಲ್ಲು ಕೂರಿಸಲು ಇಪ್ಪತ್ತರ ಮೇಲೆ ಎಸೆದಿರಬೇಕು. ಆದರೂ ಕಾಗದ, ರಾಳ, ಅಸಿಟೋನ್ ಎಲ್ಲ ಸೇರಿದ ಖರ್ಚಿಗಿಂತ ಪೆಟ್ಟಿಗೆಯ ಹ್ಯಾಲೋಜನ್ ದೀಪ ತೆಗೆದು ಎಲ್‌ಇಡಿ ಹಾಕಿಸಿದ್ದೇ ದುಬಾರಿ.