ಪಿಕಪ್ ಕೊಟ್ಟು ಎಸ್‌ಯುವಿ ತರುವಾಗ: ಮಾರಾಟ ಬೇರೆ, ಖರೀದಿ ಬೇರೆ

ಎರಡನೇ ಮಗು ಹುಟ್ಟಿದಾಗಲೋ, ವಯಸ್ಸಾದ ಅಪ್ಪ ಅಮ್ಮ ಜೊತೆಗೆ ಬಂದು ಇರತೊಡಗಿದಾಗಲೋ, ಪಿಕಪ್ ಇಟ್ಟುಕೊಂಡವರ ಮನೆಯಲ್ಲಿ ಒಂದು ಮಾತು ಬಂದೇ ಬರುತ್ತದೆ: ಇದನ್ನು ಕೊಟ್ಟು ಎಲ್ಲರೂ ಕೂರುವಂಥ ಎಸ್‌ಯುವಿ ತಂದರೆ ಹೇಗೆ? ಯೋಚನೆ ಒಳ್ಳೆಯದೇ. ಎಡವುವುದು ಶೋರೂಮಿನಲ್ಲಿ. ಹಳೆಯ ಗಾಡಿಯ ಬೆಲೆ, ಹೊಸ ಗಾಡಿಯ ಬೆಲೆ, ಸಾಲದ ಕಂತು ಮೂರೂ ಅಲ್ಲಿ ಒಂದೇ ಮೇಜಿನ ಮೇಲೆ ಕಲಸಿಹೋಗುತ್ತವೆ. ಯಾವುದರಲ್ಲಿ ಲಾಭವಾಯಿತು, ಯಾವುದರಲ್ಲಿ ಕಳೆದುಕೊಂಡೆವು ಎಂಬುದು ತಿಳಿಯುವುದೇ ಇಲ್ಲ. ಎಕ್ಸ್‌ಚೇಂಜ್ ಅಂದರೆ ಎರಡು ವ್ಯವಹಾರ. ಒಂದು ಗಾಡಿ ಮಾರುತ್ತೀರಿ, ಇನ್ನೊಂದು ಕೊಳ್ಳುತ್ತೀರಿ. ಎರಡನ್ನೂ ಕೊನೆಯವರೆಗೆ ಬೇರೆ ಬೇರೆಯಾಗಿಯೇ ಇಟ್ಟುಕೊಳ್ಳಬೇಕು. ಅದಕ್ಕೆ ಬೇಕಾದ ತಯಾರಿಯಲ್ಲಿ ಬಹುಪಾಲು ಮನೆಯಲ್ಲೇ ಕೂತು ಮಾಡುವಂಥದ್ದು.

1. ಪಿಕಪ್ ಮಾಡುತ್ತಿದ್ದ ಕೆಲಸ ಪಟ್ಟಿ ಮಾಡಿ

ಕಳೆದ ಒಂದು ವರ್ಷದಲ್ಲಿ ಹಿಂದಿನ ಲೋಡ್ ಬಾಡಿಯಲ್ಲಿ ಏನೇನು ಹೋಯಿತು ಎಂದು ನೆನಪಿಸಿಕೊಂಡು ಬರೆಯಿರಿ. ಮರಳು, ಸಿಮೆಂಟು, ಗೊಬ್ಬರದ ಚೀಲ, ಕೆಟ್ಟುನಿಂತ ಬೈಕು, ನಿಲ್ಲಿಸಿಯೇ ಸಾಗಿಸಬೇಕಾದ ಫ್ರಿಜ್. ಪಿಕಪ್‌ನಲ್ಲಿ ಸಾಮಾನು ಬೇರೆ, ಜನ ಬೇರೆ. ನಡುವೆ ಕ್ಯಾಬಿನ್ನಿನ ಗೋಡೆ ಇದೆ. ಎಸ್‌ಯುವಿಯಲ್ಲಿ ಆ ಗೋಡೆ ಇಲ್ಲ. ಡೀಸೆಲ್ ಕ್ಯಾನಿನ ವಾಸನೆ, ಗೊಬ್ಬರದ ಧೂಳು ಮಕ್ಕಳು ಕೂತ ಜಾಗಕ್ಕೇ ಬರುತ್ತದೆ. ಜೋರಾಗಿ ಬ್ರೇಕ್ ಹಾಕಿದಾಗ ಹಿಂದೆ ಸಡಿಲವಾಗಿಟ್ಟ ಟೂಲ್ ಬಾಕ್ಸ್ ಹಿಂದಿನ ಸೀಟಿನವರ ತಲೆಗೇ ಬಂದು ಬಡಿಯಬಹುದು.

ಇಂಥ ಸಾಮಾನು ವರ್ಷಕ್ಕೆ ಎರಡು ಮೂರು ಸಲ ಮಾತ್ರ ಹೋಗುವುದಾದರೆ ಆಗ ಬಾಡಿಗೆ ಗಾಡಿ ತರಿಸಿದರಾಯಿತು. ಅದಕ್ಕಾಗಿ ಪಿಕಪ್ ಇಟ್ಟುಕೊಳ್ಳಬೇಕಿಲ್ಲ. ವಾರವಾರವೂ ಹೋಗುತ್ತದೆ ಎಂದಾದರೆ ಈಗಲೇ ಮಾರಬೇಡಿ ಎಂದೇ ಹೇಳುತ್ತೇನೆ. ನಾಲ್ಕು ಬಾಗಿಲಿನ ಡಬಲ್ ಕ್ಯಾಬ್ ಪಿಕಪ್ ನೋಡುವುದು ಲೇಸು.

ಟ್ರೇಲರ್ ಎಳೆಯುವವರು ಇನ್ನೊಂದು ಲೆಕ್ಕ ನೋಡಿಕೊಳ್ಳಬೇಕು. ದೊಡ್ಡ ಪಿಕಪ್‌ಗಳು ಬ್ರೇಕ್ ಇರುವ ಟ್ರೇಲರನ್ನು 3,500 ಕೆ.ಜಿ.ವರೆಗೂ ಎಳೆಯಬಲ್ಲವು. ಕಾರಿನಂತೆ ಒಂದೇ ಕವಚದಲ್ಲಿ ಕಟ್ಟಿದ ಮೊನೊಕಾಕ್ ಎಸ್‌ಯುವಿಗಳಲ್ಲಿ ಬಹಳಷ್ಟು 2,000 ಕೆ.ಜಿ. ಆಸುಪಾಸಿಗೇ, ಕೆಲವು ಅದಕ್ಕೂ ಮೊದಲೇ ನಿಲ್ಲುತ್ತವೆ. ಎಳೆಯುವ ಕೆಲಸ ಬಿಡಲಾಗದಿದ್ದರೆ ಲ್ಯಾಡರ್ ಫ್ರೇಮ್ ಮೇಲೆ, ಅಂದರೆ ಏಣಿಯಂಥ ಉಕ್ಕಿನ ಚೌಕಟ್ಟಿನ ಮೇಲೆ ಕಟ್ಟಿದ ಎಸ್‌ಯುವಿ ಹುಡುಕಿ. ಟೊಯೊಟಾ ಹೈಲಕ್ಸ್‌ಗೆ ಫಾರ್ಚುನರ್, ಫೋರ್ಡ್ ರೇಂಜರ್‌ಗೆ ಎವರೆಸ್ಟ್, ಇಸುಜು ಡಿ-ಮ್ಯಾಕ್ಸ್‌ಗೆ ಎಂಯು-ಎಕ್ಸ್ ಹೀಗೆ ಪಿಕಪ್ಪಿನ ಬುನಾದಿಯ ಮೇಲೇ ಬಂದ ಒಡಹುಟ್ಟುಗಳು. ಅವು ಗಟ್ಟಿ, ಆದರೆ ಹತ್ತಲು ಎತ್ತರ. ಒಳಗಿನ ಜಾಗವೂ ಹೊರಗಿಂದ ಕಂಡಷ್ಟು ಇರುವುದಿಲ್ಲ.

2. ಸಾಲ ಉಳಿದಿದೆಯೇ?

ಉಳಿದಿದ್ದರೆ ಸಾಲ ಕೊಟ್ಟವರಿಂದ, ಇಂಥ ದಿನ ಪೂರ್ತಿ ತೀರಿಸಿದರೆ ಒಟ್ಟು ಎಷ್ಟು ಕಟ್ಟಬೇಕು ಎಂಬುದನ್ನು ಬರಹದಲ್ಲಿ ಪಡೆಯಿರಿ. ಪಾಸ್‌ಬುಕ್ಕಿನ ಬಾಕಿಯೂ ಈ ಮೊತ್ತವೂ ಒಂದೇ ಆಗಿರುವುದಿಲ್ಲ. ಅಂದಿನವರೆಗಿನ ಬಡ್ಡಿ, ಕೆಲವೆಡೆ ಅವಧಿಗೆ ಮುಂಚೆ ತೀರಿಸುವ ಶುಲ್ಕ ಸೇರಿರುತ್ತದೆ.

ಪಿಕಪ್ಪಿನ ಇಂದಿನ ಬೆಲೆಗಿಂತ ಬಾಕಿಯೇ ಹೆಚ್ಚಿದ್ದರೆ ಎಚ್ಚರ. ಬೆಲೆ 100 ಭಾಗ, ಬಾಕಿ 120 ಭಾಗ ಎಂದುಕೊಳ್ಳಿ. ‘ಚಿಂತೆ ಬೇಡ, ಉಳಿದ 20 ಹೊಸ ಸಾಲಕ್ಕೆ ಸೇರಿಸೋಣ’ ಎನ್ನುತ್ತಾರೆ. ಹೊಸ ಗಾಡಿಯ ಬೆಲೆ ತೀರಾ ವೇಗವಾಗಿ ಇಳಿಯುವುದು ಮೊದಲ ವರ್ಷದಲ್ಲೇ. ಅದರ ಮೇಲೆ ಹಳೆಯ ಗಾಡಿಯ 20 ಭಾಗವನ್ನೂ ಹೊತ್ತರೆ, ಇಲ್ಲದ ಗಾಡಿಗೆ ವರ್ಷಗಟ್ಟಲೆ ಬಡ್ಡಿ ಕಟ್ಟಿದಂತೆ. ಕೈಯಲ್ಲಿ ಹಣವಿದ್ದರೆ ಆ ಅಂತರ ತುಂಬಿ, ಇಲ್ಲದಿದ್ದರೆ ಬಾಕಿ ಇಳಿಯುವವರೆಗೆ ತಡೆಯಿರಿ.

3. ಗಾಡಿಯನ್ನು ತೋರಿಸಲು ಅಣಿಮಾಡುವುದು

ಪಿಕಪ್ ಕೊಳ್ಳುವವರು ಮೊದಲು ಬಗ್ಗಿ ನೋಡುವುದು ಕೆಳಗೆ. ಚಾಸಿಯ ಪಟ್ಟಿಗಳಿಗೆ ತುಕ್ಕು ಹಿಡಿದಿದೆಯೇ, ಹಿಂದಿನ ಲೀಫ್ ಸ್ಪ್ರಿಂಗ್ ಪಟ್ಟೆಗಳು ಭಾರಕ್ಕೆ ಕುಸಿದಿವೆಯೇ, ಲೋಡ್ ಬಾಡಿಯ ಮೂಲೆಗಳಲ್ಲಿ ನೀರು ನಿಂತ ಗುರುತಿದೆಯೇ ಎಂದು. ಹಾಗಾಗಿ ನೀವೂ ಅಲ್ಲಿಂದಲೇ ಶುರುಮಾಡಿ. ಲೋಡ್ ಬಾಡಿಯೊಳಗೆ ಪ್ಲಾಸ್ಟಿಕ್ ಲೈನರ್ ಹಾಕಿಸಿದ್ದರೆ ಒಮ್ಮೆ ಎತ್ತಿ. ಅದರಡಿ ವರ್ಷಗಳ ಮಣ್ಣು, ತೇವ ಸೇರಿಕೊಂಡಿರುತ್ತದೆ. ತೊಳೆದು, ಒಣಗಿಸಿ, ಮೇಲ್ಮೈ ತುಕ್ಕನ್ನು ಉಜ್ಜಿ ತೆಗೆದರೆ ಸಾಕು. ಬಣ್ಣ ಬಳಿಯಲು ಹೋಗಬೇಡಿ. ಹೊಸ ಬಣ್ಣ ಕಂಡರೆ ‘ಅಡಿಯಲ್ಲಿ ಏನು ಮುಚ್ಚಿದ್ದಾರೆ’ ಎಂಬ ಅನುಮಾನ ಹುಟ್ಟುತ್ತದೆ, ಬೆಲೆ ಇನ್ನೂ ಇಳಿಯುತ್ತದೆ.

ಸಣ್ಣ ಖರ್ಚಿನವನ್ನೆಲ್ಲ ಸರಿಮಾಡಿಸಿ: ಉರಿಯದ ಬಲ್ಬು, ಹರಿದ ವೈಪರ್, ತೆರೆಯದ ಹಿಂಬಾಗಿಲ ಹಿಡಿ. ಎಂಜಿನ್ ಕೆಲಸ, ಟಿಂಕರಿಂಗ್‌ನಂಥ ದೊಡ್ಡ ಖರ್ಚು ಬೇಡ. ಹಾಕಿದ ಹಣ ಬೆಲೆಯಲ್ಲಿ ವಾಪಸ್ ಬರುವುದು ಅಪರೂಪ. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಎಚ್ಚರಿಕೆ ದೀಪ ಉರಿಯುತ್ತಿದ್ದರೆ ಕಾರಣ ಹುಡುಕಿ ರಿಪೇರಿ ಮಾಡಿಸಿ. ಸ್ಕ್ಯಾನರ್ ಹಾಕಿ ದೀಪವನ್ನು ಅಳಿಸಿಬಿಟ್ಟರೆ ಕೆಲಸ ಕೆಡುತ್ತದೆ. ಇತ್ತೀಚೆಗಷ್ಟೇ ಅಳಿಸಿದ್ದಾರೆ, ಒಳಗಿನ ಸ್ವಯಂ ಪರೀಕ್ಷೆಗಳು ಇನ್ನೂ ಪೂರ್ತಿಯಾಗಿಲ್ಲ ಎಂಬುದು ಕೊಳ್ಳುವವರ ಸ್ಕ್ಯಾನರ್‌ಗೆ ಕಾಣುತ್ತದೆ. ಅಪಘಾತವಾಗಿದ್ದರೆ ಇದ್ದದ್ದು ಇದ್ದಂತೆ ಹೇಳಿ.

ಟೈರಿನ ವಯಸ್ಸು ಅದರ ಮೈಮೇಲೇ ಇದೆ. DOT ಎಂದು ಶುರುವಾಗುವ ಗುರುತಿನ ಕೊನೆಯ 4 ಅಂಕೆಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ಮಾರುವ ಗಾಡಿಗೆ ಹೊಸ ಟೈರು ಹಾಕಿಸಬೇಡಿ. ಇದೇ ಅಂಕೆಯನ್ನು, ಸೆಕೆಂಡ್ ಹ್ಯಾಂಡ್ ಎಸ್‌ಯುವಿ ಕೊಳ್ಳುವುದಾದರೆ, ಅಲ್ಲಿಯೂ ನೋಡಿ.

ಮೇಲ್ಮುಚ್ಚಳ, ಕ್ಯಾನೊಪಿ, ಟೂಲ್ ಬಾಕ್ಸ್, ವಿಂಚ್‌ಗಳಿಗೆ ಶೋರೂಮಿನವರು ಕೊಡುವ ಬೆಲೆ ಕಡಿಮೆ. ಬಿಚ್ಚಿ ಬೇರೆಯಾಗಿ ಮಾರಿದರೆ ಹೆಚ್ಚು ಸಿಗುತ್ತದೆ. ಎರಡನೇ ಕೀಲಿ, ಸರ್ವಿಸ್ ಬುಕ್, ರಿಪೇರಿ ಬಿಲ್ಲುಗಳು ಒಂದೇ ಫೈಲಿನಲ್ಲಿರಲಿ.

4. ಬೆಲೆ ಕಟ್ಟಿಸುವುದು

ಕನಿಷ್ಠ ಮೂರು ಕಡೆ ಕೇಳಿ: ಹಳೆಯ ಗಾಡಿ ಕೊಳ್ಳುವ ವ್ಯಾಪಾರಿ, ಆನ್‌ಲೈನ್ ಖರೀದಿದಾರರು, ಎಸ್‌ಯುವಿ ಮಾರುವ ಶೋರೂಂ. ಎಲ್ಲರಿಗೂ ಒಂದೇ ಮಾಹಿತಿ ಕೊಡಿ, ಬೆಲೆಯನ್ನು ಬರಹದಲ್ಲಿ ಕೇಳಿ, ಎಷ್ಟು ದಿನ ನಿಲ್ಲುತ್ತದೆ ಎಂದೂ ಕೇಳಿ. ನೇರವಾಗಿ ಇನ್ನೊಬ್ಬ ಬಳಕೆದಾರರಿಗೆ ಮಾರಿದರೆ ಸಾಮಾನ್ಯವಾಗಿ ಹೆಚ್ಚು ಸಿಗುತ್ತದೆ. ಆದರೆ ಫೋನು, ಚೌಕಾಸಿ, ಅಪರಿಚಿತರ ಟೆಸ್ಟ್ ಡ್ರೈವ್, ಹಣ ಬಂತೇ ಎಂಬ ಆತಂಕ ಎಲ್ಲ ನಿಮ್ಮ ತಲೆಗೇ. ಕೆಲವು ದೇಶ, ರಾಜ್ಯಗಳಲ್ಲಿ ಎಕ್ಸ್‌ಚೇಂಜ್ ಮಾಡಿದರೆ ವ್ಯತ್ಯಾಸದ ಹಣಕ್ಕಷ್ಟೇ ತೆರಿಗೆ. ನಿಮ್ಮಲ್ಲಿ ಹಾಗಿದ್ದರೆ ಆ ಉಳಿತಾಯವನ್ನೂ ಶೋರೂಮಿನ ಬೆಲೆಗೆ ಕೂಡಿಸಿ ಹೋಲಿಸಿ.

5. ಎಸ್‌ಯುವಿ ನೋಡಲು ಇಡೀ ಮನೆಯವರು ಹೋಗಿ

ಮಕ್ಕಳ ಸೀಟುಗಳನ್ನೂ ಹೊತ್ತುಕೊಂಡೇ ಹೋಗಿ, ಅಲ್ಲೇ ಕೂರಿಸಿ ನೋಡಿ. ಮಕ್ಕಳ ಸೀಟನ್ನು ಗಾಡಿಗೆ ಬಿಗಿಯುವ ಐಸೊಫಿಕ್ಸ್ ಕೊಂಡಿ ಬಹಳಷ್ಟು ಗಾಡಿಗಳಲ್ಲಿ ಎರಡನೇ ಸಾಲಿನ ಎರಡು ತುದಿಗಳಲ್ಲಿ ಮಾತ್ರ ಇರುತ್ತದೆ. ಎರಡೂ ಕಡೆ ಮಕ್ಕಳ ಸೀಟು ಬಿಗಿದ ಮೇಲೆ ನಡುವೆ ಅಜ್ಜಿ ಕೂರಬಹುದೇ, ಅವರ ಬೆಲ್ಟಿನ ಕೊಂಡಿಗೆ ಕೈ ಹೋಗುತ್ತದೆಯೇ ನೋಡಿ. ಮೂರನೇ ಸಾಲಿಗೆ ಹೋಗಲು ಎರಡನೇ ಸಾಲನ್ನು ಮಡಚಬೇಕು. ಮಗುವಿನ ಸೀಟು ಬಿಗಿದಿದ್ದರೆ ಅನೇಕ ಮಾದರಿಗಳಲ್ಲಿ ಅದು ಮಡಚುವುದೇ ಇಲ್ಲ. ಹಾಗಾದರೆ ನೀವು ಹಣ ಕೊಟ್ಟ ಮೂರನೇ ಸಾಲಿನ ಎರಡು ಸೀಟು ಇದ್ದೂ ಇಲ್ಲದಂತೆ.

ಹಿರಿಯರನ್ನು ಒಂದಲ್ಲ, ನಾಲ್ಕು ಸಲ ಹತ್ತಿಸಿ ಇಳಿಸಿ. ಸೀಟು ಸೊಂಟದ ಮಟ್ಟಕ್ಕಿದ್ದರೆ ಸುಲಭ. ಮೇಲಿದ್ದರೆ ಏರಬೇಕು, ಕೆಳಗಿದ್ದರೆ ಮಂಡಿ ಹಿಡಿಯುತ್ತದೆ. ಮೂರನೇ ಸಾಲಿನಲ್ಲಿ ನೀವೇ ಹತ್ತು ನಿಮಿಷ ಕೂರಿ. ತಲೆ ಚಾವಣಿಗೆ ತಗುಲುತ್ತದೆಯೇ, ಎ.ಸಿ. ಗಾಳಿ ಬರುತ್ತದೆಯೇ, ಹೆಡ್‌ರೆಸ್ಟ್ ಇದೆಯೇ, ಕಿಟಕಿಯ ಪಕ್ಕ ಪರದೆಯಂತೆ ಇಳಿಯುವ ಏರ್‌ಬ್ಯಾಗ್ ಅಲ್ಲಿಯವರೆಗೂ ಬರುತ್ತದೆಯೇ ಎಂದು ಕೇಳಿ ತಿಳಿಯಿರಿ.

ಈಗ ಯಾರೂ ಕೇಳದ ಲೆಕ್ಕ. ಏಳು ಸೀಟು ಇದ್ದ ಮಾತ್ರಕ್ಕೆ ಏಳು ಜನರೊಂದಿಗೆ ಎಷ್ಟು ಬೇಕಾದರೂ ಲಗೇಜು ಹೇರಬಹುದು ಎಂದಲ್ಲ. 70 ಕೆ.ಜಿ.ಯಂತೆ ಏಳು ಜನ ಅಂದರೆ 490 ಕೆ.ಜಿ. ಅದಕ್ಕೆ 80 ಕೆ.ಜಿ. ಲಗೇಜು ಸೇರಿದರೆ 570. ಪಿಕಪ್‌ನಲ್ಲಿ ಟನ್ನುಗಟ್ಟಲೆ ಲೆಕ್ಕ ಹಾಕಿ ರೂಢಿಯಾದವರಿಗೆ ಇದು ಏನೂ ಅಲ್ಲ ಅನ್ನಿಸಬಹುದು. ಆದರೆ ಕುಟುಂಬದ ಎಸ್‌ಯುವಿಗಳಲ್ಲಿ ಇಷ್ಟಕ್ಕೇ ಮಿತಿ ಮುಟ್ಟುವಂಥವು ಇವೆ. ಬಾಗಿಲ ಕಂಬದ ಸ್ಟಿಕರ್ ಅಥವಾ ಕೈಪಿಡಿ ನೋಡಿ. ಉಳಿದದ್ದನ್ನು ಚಾವಣಿಗೆ ಕಟ್ಟೋಣ ಎಂದರೆ ಅದಕ್ಕೂ ಮಿತಿ ಇದೆ. ಸಾಮಾನ್ಯವಾಗಿ ಕ್ಯಾರಿಯರಿನ ತೂಕವೂ ಸೇರಿ 75ರಿಂದ 100 ಕೆ.ಜಿ. ಮೂರನೇ ಸಾಲು ಎತ್ತಿದ್ದಾಗ ಡಿಕ್ಕಿಯಲ್ಲಿ ಉಳಿಯುವ ಜಾಗಕ್ಕೆ ನಿಮ್ಮ ಸೂಟ್‌ಕೇಸನ್ನೇ ಇಟ್ಟು ನೋಡಿ.

ಸುರಕ್ಷತೆಯ ಸ್ಟಾರ್ ನೋಡುವಾಗ ಪರೀಕ್ಷೆಯ ವರ್ಷವನ್ನೂ ನೋಡಿ. ಯುರೋಪಿನ ಕಾರು ಸುರಕ್ಷತಾ ಪರೀಕ್ಷೆಯಾದ ಯೂರೊ ಎನ್‌ಕ್ಯಾಪ್ 1997ರಲ್ಲಿ ಶುರುವಾದಾಗಿನಿಂದ ಪರೀಕ್ಷೆ ಬಿಗಿಯಾಗುತ್ತಲೇ ಬಂದಿದೆ. ಹತ್ತು ವರ್ಷದ ಹಿಂದಿನ 5 ಸ್ಟಾರ್ ಇಂದಿನದಕ್ಕೆ ಸಮವಲ್ಲ. ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್ ಇಲ್ಲದ ಎತ್ತರದ ಗಾಡಿಯನ್ನು ಕುಟುಂಬಕ್ಕೆಂದು ಕೊಳ್ಳಲೇಬೇಡಿ. ತಿರುವಿನಲ್ಲಿ ಜಾರಿ ಮಗುಚುವ ಅಪಾಯವನ್ನು ಬಹಳಷ್ಟು ತಗ್ಗಿಸುವುದು ಅದೇ.

ಶಾಲೆ, ಅಂಗಡಿ, ಆಫೀಸು ಎಂದು ಚಿಕ್ಕ ಓಡಾಟವೇ ಹೆಚ್ಚಾದರೆ ಡೀಸೆಲ್ ಬೇಡ. ಹೊಗೆಯ ಮಸಿ ಹಿಡಿಯುವ ಫಿಲ್ಟರ್ ತನ್ನನ್ನು ತಾನೇ ಸುಟ್ಟು ಚೊಕ್ಕಟವಾಗಲು ಗಾಡಿ ಒಂದಿಷ್ಟು ಹೊತ್ತು ಬಿಸಿಯಾಗಿ ಓಡಬೇಕು, ಇಲ್ಲದಿದ್ದರೆ ಕಟ್ಟಿಕೊಳ್ಳುತ್ತದೆ. ಪೆಟ್ರೋಲ್ ಅಥವಾ ಹೈಬ್ರಿಡ್ ವಾಸಿ. ಕೆಸರು, ಕಡಿದಾದ ಏರು ಇರುವ ದಾರಿಯವರು, ನಾಲ್ಕೂ ಚಕ್ರಕ್ಕೆ ಶಕ್ತಿ ಎಂದಷ್ಟಕ್ಕೇ ಒಪ್ಪದೆ, ನಿಧಾನವಾಗಿ ಹೆಚ್ಚು ಬಲದಿಂದ ಎಳೆಯಲೆಂದೇ ಇರುವ ಪ್ರತ್ಯೇಕ ಲೋ ಗೇರ್ (ಲೋ ರೇಂಜ್) ಇದೆಯೇ ಎಂದು ಕೇಳಿ. ಅನೇಕ ಎಸ್‌ಯುವಿಗಳಲ್ಲಿ ಅದು ಇರುವುದಿಲ್ಲ.

ಟೆಸ್ಟ್ ಡ್ರೈವ್‌ನಲ್ಲಿ ಒಂದು ಮೋಹ ಕಾದಿರುತ್ತದೆ. ಪಿಕಪ್ಪಿನ ಹಿಂದಿನ ಸ್ಪ್ರಿಂಗ್ ಭಾರಕ್ಕೆಂದೇ ಮಾಡಿದ್ದು, ಖಾಲಿ ಓಡಿಸಿದರೆ ಎತ್ತಿ ಹಾಕುತ್ತದೆ. ಅದರಿಂದ ಇಳಿದು ಬಂದವರಿಗೆ ಯಾವ ಎಸ್‌ಯುವಿಯೂ ತೇಲಿದಂತೆಯೇ ಅನ್ನಿಸುತ್ತದೆ. ಆದ್ದರಿಂದ ಎಸ್‌ಯುವಿಯನ್ನು ಪಿಕಪ್ ಜೊತೆ ಹೋಲಿಸಬೇಡಿ. ಒಂದೇ ದಿನ, ಒಂದೇ ರಸ್ತೆಯಲ್ಲಿ ಎರಡು ಎಸ್‌ಯುವಿ ಓಡಿಸಿ. ಮನೆಯವರು ಓಡಿಸುವಾಗ ನೀವು ಹಿಂದೆ ಕೂತು ಬನ್ನಿ.

6. ಮೇಜಿನ ಮುಂದೆ

ಮೊದಲು ಎಸ್‌ಯುವಿಯ ಅಂತಿಮ ಬೆಲೆ ಕಾಗದದ ಮೇಲೆ ಬರಲಿ. ಆಮೇಲಷ್ಟೇ ಪಿಕಪ್ ಮಾತು. ಸಾಲದ ಮಾತು ಎಲ್ಲಕ್ಕೂ ಕೊನೆಗೆ. ‘ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ?’ ಎಂದು ಮೊದಲೇ ಕೇಳಿದರೆ ಉತ್ತರಿಸಬೇಡಿ. ಅವಧಿ ಎಳೆದು ಯಾವ ಬೆಲೆಯನ್ನೂ ನಿಮ್ಮ ಕಂತಿಗೆ ಹೊಂದಿಸಬಹುದು.

ಈ ಕ್ರಮ ಏಕೆ ಬೇಕೆಂದು ಒಂದು ಲೆಕ್ಕದಲ್ಲಿ ನೋಡಿ. ಎಸ್‌ಯುವಿಯ ಬೆಲೆ 100 ಭಾಗ. ಒಬ್ಬರು 2 ಭಾಗ ರಿಯಾಯಿತಿ ಕೊಟ್ಟು ಪಿಕಪ್‌ಗೆ 42 ಕಟ್ಟುತ್ತಾರೆ, ಕೊಡಬೇಕಾದ್ದು 56. ಇನ್ನೊಬ್ಬರು ಪಿಕಪ್‌ಗೆ 38 ಮಾತ್ರ ಎನ್ನುತ್ತಾರೆ, ರಿಯಾಯಿತಿ 8, ಕೊಡಬೇಕಾದ್ದು 54. ಮನಸ್ಸು ಹೋಗುವುದು 42 ಎಂದವರ ಕಡೆಗೆ, ನಮ್ಮ ಗಾಡಿಗೆ ಬೆಲೆ ಕೊಟ್ಟರಲ್ಲ ಎಂದು. ನಿಜವಾಗಿ ಅಗ್ಗವಾದದ್ದು ಎರಡನೆಯದು. ನೀವು ನೋಡಬೇಕಾದ ಸಂಖ್ಯೆ ಈ ವ್ಯತ್ಯಾಸದ ಹಣ ಒಂದೇ. ತೆರಿಗೆ, ನೋಂದಣಿ, ವಿಮೆ, ಕೇಳದೆ ಸೇರಿಸಿದ ಕೋಟಿಂಗ್, ಮ್ಯಾಟ್‌ಗಳೆಲ್ಲ ಸೇರಿ.

ಹೊಸ ಗಾಡಿ ಬರಲು ವಾರಗಳು ಹಿಡಿಯುವುದಾದರೆ, ಅಲ್ಲಿಯವರೆಗೆ ಪಿಕಪ್ಪಿನ ಬೆಲೆ ಬದಲಾಗದು, ಇಷ್ಟು ಕಿಲೋಮೀಟರ್‌ವರೆಗೆ ಓಡಿಸಬಹುದು ಎಂದು ಬರೆಸಿಕೊಳ್ಳಿ. ಬಾಯಿಮಾತಿನ ಬೆಲೆ ಡೆಲಿವರಿ ದಿನದ ಮರುಪರೀಕ್ಷೆಯಲ್ಲಿ ಕರಗುವುದುಂಟು.

7. ಕೀಲಿ ಕೊಡುವ ದಿನ

ಹಿಂದಿನ ಸೀಟಿನ ಅಡಿ, ಬಾಗಿಲ ಜೇಬು, ಗ್ಲೋವ್ ಬಾಕ್ಸ್ ಖಾಲಿಮಾಡಿ. ಟೋಲ್ ಟ್ಯಾಗ್ ತೆಗೆದು ಖಾತೆಯಿಂದಲೂ ಬಿಡಿಸಿ, ಇಲ್ಲದಿದ್ದರೆ ಮುಂದಿನವರ ಟೋಲು ನಿಮ್ಮ ಖಾತೆಯಿಂದ ಹೋಗುತ್ತದೆ. ಡ್ಯಾಶ್‌ಬೋರ್ಡಿನ ಟಚ್ ಸ್ಕ್ರೀನಿನಲ್ಲಿ ನಿಮ್ಮ ಫೋನಿನ ಸಂಪರ್ಕಗಳು, ಮನೆಯ ವಿಳಾಸ ಉಳಿದಿರುತ್ತವೆ; ಫ್ಯಾಕ್ಟರಿ ರಿಸೆಟ್ ಮಾಡಿ. ಗಾಡಿಗೆ ಮೊಬೈಲ್ ಆ್ಯಪ್ ಇದ್ದರೆ ಅದರಿಂದಲೂ ಗಾಡಿಯನ್ನು ತೆಗೆದುಹಾಕಿ.

ಕೊಟ್ಟ ದಿನಾಂಕ, ಗಂಟೆ, ಮೀಟರ್ ರೀಡಿಂಗ್ ಬರೆದ ರಸೀದಿಗೆ ಸಹಿ ಹಾಕಿಸಿಕೊಳ್ಳಿ, ಮೀಟರಿನ ಫೋಟೊ ತೆಗೆದಿಡಿ. ಹಳೆಯ ಸಾಲವನ್ನು ಶೋರೂಮಿನವರೇ ತೀರಿಸುವ ಒಪ್ಪಂದವಾಗಿದ್ದರೆ, ಸಾಲ ಮುಗಿದ ಪತ್ರ ಕೈಗೆ ಬರುವವರೆಗೆ ಕಂತು ತಪ್ಪಿಸಬೇಡಿ; ಹೆಚ್ಚು ಕಟ್ಟಿದ್ದು ಹಿಂದಿರುಗುತ್ತದೆ, ತಪ್ಪಿದ ಕಂತು ನಿಮ್ಮ ಹೆಸರಿನಲ್ಲೇ ದಾಖಲಾಗುತ್ತದೆ. ವಿಮೆಯನ್ನೂ ಗಾಡಿ ಇನ್ನೊಬ್ಬರ ಹೆಸರಿಗೆ ಆಗುವ ಮುನ್ನ ರದ್ದು ಮಾಡಬೇಡಿ. ಕ್ಲೈಮ್ ಇಲ್ಲದ ವರ್ಷಗಳ ರಿಯಾಯಿತಿ ಎಸ್‌ಯುವಿಯ ವಿಮೆಗೆ ವರ್ಗವಾಗುತ್ತದೆಯೇ ಎಂದು ವಿಮಾ ಕಂಪನಿಯನ್ನು ಕೇಳಿ. ಕೆಲವು ವಾರಗಳ ನಂತರ ನೋಂದಣಿ ದಾಖಲೆಯಲ್ಲಿ ಮಾಲೀಕರ ಹೆಸರು ಬದಲಾಯಿತೇ ಎಂದು ನೀವೇ ಪರಿಶೀಲಿಸಿ; ಬದಲಾಗಿರದಿದ್ದರೆ ಆ ರಸೀದಿಯ ಪ್ರತಿಯೊಂದಿಗೆ ಶೋರೂಮಿಗೂ ನೋಂದಣಿ ಕಚೇರಿಗೂ ಅಂದೇ ಲಿಖಿತವಾಗಿ ತಿಳಿಸಿ.